ಮಗಳ ಪಿತ್ತಕೋಶ ತೂತಾದಾಗ: ಜ್ವರದಿಂದ ಡಿಸ್ಚಾರ್ಜ್‌ವರೆಗೆ

ಪಿತ್ತಕೋಶದ ಕಾಯಿಲೆ ಎಂದರೆ ವಯಸ್ಸಾದವರದು, ಕಲ್ಲು ಕಟ್ಟಿಕೊಂಡವರದು ಎಂದೇ ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ನನ್ನ ಮಗಳಿಗೆ ಒಂಬತ್ತು ವರ್ಷ. ಕಲ್ಲೂ ಇರಲಿಲ್ಲ, ಹಿಂದೆ ಯಾವತ್ತೂ ಹೊಟ್ಟೆಯ ತೊಂದರೆಯೂ ಇರಲಿಲ್ಲ. ಟೈಫಾಯ್ಡ್ ಬಂತು, ಪಿತ್ತಕೋಶ ಊದಿತು, ಅದರ ಗೋಡೆ ತೂತಾಗಿ ಪಿತ್ತರಸ ಹೊಟ್ಟೆಯೊಳಗೆಲ್ಲ ಹರಡಿತು. ಮಕ್ಕಳಲ್ಲಿ ಇದು ಅಪರೂಪ ಎಂದು ಪ್ರತಿಯೊಬ್ಬ ವೈದ್ಯರೂ ಹೇಳಿದರು. ಅಪರೂಪ ಎಂಬ ಕಾರಣಕ್ಕೇ ಕಂಡುಹಿಡಿಯುವುದು ತಡವಾಗುತ್ತದೆ, ಕಂಡುಹಿಡಿದ ಮೇಲೆ ತಂದೆ ತಾಯಿಗೆ ದಿಕ್ಕು ತೋಚುವುದಿಲ್ಲ. ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಚೀಟಿ, ರಸೀದಿ, ವರದಿ ಯಾವುದನ್ನೂ ಬಿಸಾಡುವ ಅಭ್ಯಾಸವಿಲ್ಲ. ಆ ಕಡತವನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಮಗುವನ್ನು ಮುಟ್ಟಿ ನೋಡಿದ ವೈದ್ಯರ ಮಾತೇ ನಡೆಯಬೇಕು. ನಾನು ಹೇಳುವುದು ಎಲ್ಲೆಲ್ಲಿ ಏನೇನು ಎದುರಾಯಿತು ಎಂಬುದನ್ನಷ್ಟೇ.

ಮಳೆಗಾಲದ ನಡುವಿನ ದಿನಗಳು. ಬೆಂಗಳೂರಿನಲ್ಲಿ ಆ ಹೊತ್ತಿಗೆ ಜ್ವರ ಎಂದರೆ ಎಲ್ಲರ ಬಾಯಲ್ಲೂ ಡೆಂಗಿ. ನಾವು ತೋರಿಸುವ ಪದ್ಮನಾಭನಗರದ ಮಕ್ಕಳ ವೈದ್ಯರು ಮೊದಲು ಪ್ಯಾರಸಿಟಮಾಲ್ ಕೊಟ್ಟು, ನೀರು ಕುಡಿಸಿ ಎಂದು ಕಳಿಸಿದರು. ಜ್ವರ ಇಳಿಯಲಿಲ್ಲ. ಬೆಳಿಗ್ಗೆ ಸ್ವಲ್ಪ ತಗ್ಗುವುದು, ಸಂಜೆಗೆ ಹಿಂದಿನ ದಿನಕ್ಕಿಂತ ಒಂದು ಗೆರೆ ಮೇಲೇರುವುದು. ರಕ್ತ ಪರೀಕ್ಷೆಯಲ್ಲಿ ಡೆಂಗಿ ಇಲ್ಲ ಎಂದು ಬಂದಾಗ ನಾನು ನಿಟ್ಟುಸಿರು ಬಿಟ್ಟೆ. ವೈದ್ಯರು ಮಾತ್ರ ವರದಿಯ ಕೆಳಸಾಲಿನಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣದ ಎದುರು ಸೊನ್ನೆ ಇದ್ದುದನ್ನು ಬೆರಳಿಟ್ಟು ತೋರಿಸಿ, "ಟೈಫಾಯ್ಡ್ ಇರಬಹುದಮ್ಮ, ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ಕೊಟ್ಟುಬಿಡಿ" ಎಂದರು. ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ ಅದು. ಪ್ರಯೋಗಾಲಯದ ಹುಡುಗ ನಮಗೆ ಬೇರೆ ದಾರಿ ತೋರಿಸಿದ. "ಮೇಡಂ, ಕಲ್ಚರ್ ವರದಿಗೆ ದಿನಗಟ್ಟಲೆ ಕಾಯಬೇಕು. ವೈಡಲ್ ಮಾಡಿಸಿ, ಸಂಜೆಗೇ ಸಿಗುತ್ತದೆ, ದುಡ್ಡೂ ಕಡಿಮೆ." ನಾನು ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿದೆ. ಜ್ವರದ ಮೊದಲ ವಾರದಲ್ಲಿ ವೈಡಲ್ ಏನನ್ನೂ ಖಚಿತವಾಗಿ ಹೇಳುವುದಿಲ್ಲ, ಬೇರೆ ಸೋಂಕುಗಳಲ್ಲೂ ಸುಳ್ಳಾಗಿ ಪಾಸಿಟಿವ್ ಬರುತ್ತದೆ, ಅದರ ಮೇಲೆ ಔಷಧ ನಿರ್ಧರಿಸಲಾಗದು ಎಂದರು. ಕಲ್ಚರ್‌ಗೇ ಕೊಟ್ಟೆವು. ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲರೂ ಮೊದಲು ಕೇಳಿದ್ದು ಆ ಕಲ್ಚರ್ ಬಗ್ಗೆಯೇ. ಔಷಧ ಒಳಗೆ ಹೋದ ಮೇಲೆ ರಕ್ತ ತೆಗೆದರೆ ರೋಗಾಣು ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಆದ್ದರಿಂದ ಜ್ವರ ನಾಲ್ಕಾರು ದಿನ ದಾಟಿದರೆ, "ಮೊದಲು ಕಲ್ಚರ್ ಬೇಕೇ?" ಎಂದು ನೀವೇ ಕೇಳಿ.

ಹೊಟ್ಟೆನೋವು ಶುರುವಾದದ್ದು ಆಮೇಲೆ. ಬಲಗಡೆ, ಪಕ್ಕೆಲುಬಿನ ಕೆಳಗೆ. ನಮ್ಮತ್ತೆ ಹೊಕ್ಕುಳ ಸುತ್ತ ಇಂಗು ಹಚ್ಚಿದರು, ಜೀರಿಗೆ ಕಷಾಯ ಕಾಯಿಸಿದರು, ದೃಷ್ಟಿಯನ್ನೂ ತೆಗೆದರು. ಮಗಳು ಕಷಾಯವನ್ನು ಕಕ್ಕಿದಳು. ಆಳವಾಗಿ ಉಸಿರೆಳೆದುಕೊಳ್ಳಲು ಹೇಳಿ ವೈದ್ಯರು ಅಲ್ಲಿ ಒತ್ತಿದಾಗ ಅವಳ ಉಸಿರು ಅರ್ಧಕ್ಕೇ ನಿಂತಿತು. ಅವರು ಕೂಡಲೇ ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಟ್ಟರು.

ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆ ಬೇಕು. ಊಟವಾದ ಮೇಲೆ ಪಿತ್ತಕೋಶ ಮುದುಡಿಕೊಂಡು ಅದರ ಗೋಡೆ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆಯಂತೆ. ಪಿತ್ತಕೋಶದ ಗೋಡೆ ಸಾಮಾನ್ಯವಾಗಿ 3 ಮಿಲಿಮೀಟರ್‌ಗಿಂತ ಹೆಚ್ಚಿರುವುದಿಲ್ಲ. ಇವಳದು 7. ಸುತ್ತ ಸ್ವಲ್ಪ ನೀರು. ಕಲ್ಲಿಲ್ಲ. ಕಲ್ಲಿಲ್ಲದೆಯೂ ಪಿತ್ತಕೋಶ ಉರಿಯೂತಕ್ಕೆ ಒಳಗಾಗುವುದು ಮಕ್ಕಳಲ್ಲಿ ಉಂಟು, ಟೈಫಾಯ್ಡ್ ಅದಕ್ಕೆ ಗೊತ್ತಿರುವ ಒಂದು ಕಾರಣ. ರೋಗಾಣು ರಕ್ತದಿಂದ ಯಕೃತ್ತಿಗೆ, ಅಲ್ಲಿಂದ ಪಿತ್ತರಸಕ್ಕೆ ಸೇರಿ ಪಿತ್ತಕೋಶದಲ್ಲಿ ಮನೆ ಮಾಡುತ್ತದೆ. ಇಲ್ಲೊಂದು ಮಾತು ಹೇಳಲೇಬೇಕು. ಪಿತ್ತಕೋಶದ ಗೋಡೆ ದಪ್ಪ ಎಂದು ವರದಿಯಲ್ಲಿ ಬಂದರೆ ಆಪರೇಷನ್ ಎಂದು ಹೆದರಬೇಡಿ. ಡೆಂಗಿಯಲ್ಲೂ ಹೀಗೆ ದಪ್ಪವಾಗುತ್ತದೆ, ಜ್ವರ ಇಳಿದಂತೆ ತಾನಾಗಿ ಸರಿಹೋಗುತ್ತದೆ. ಟೈಫಾಯ್ಡ್‌ನಲ್ಲೂ ಬಹುಪಾಲು ಮಕ್ಕಳಿಗೆ ಔಷಧದಿಂದಲೇ ವಾಸಿಯಾಗುತ್ತದೆ. ನಮಗೂ ಹಾಗೆಯೇ ಹೇಳಿ, ಮನೆಗೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಸೇರಿಸಿಕೊಂಡು, ರಕ್ತನಾಳದ ಮೂಲಕ ಸೆಫ್‌ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡಿದರು.

ಈಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಎರಡು ದಿನ ನರಳಿದ ಮಗು ಒಂದು ರಾತ್ರಿ ಇದ್ದಕ್ಕಿದ್ದಂತೆ, "ಅಮ್ಮಾ, ನೋವು ಹೋಯಿತು" ಎಂದಳು. ಎದ್ದು ಕುಳಿತಳು. ಮೊಬೈಲ್ ಕೇಳಿದಳು. ನಮ್ಮತ್ತೆ ಫೋನಿನಲ್ಲೇ ಗಣಪತಿಗೆ ಕೈಮುಗಿದರು. ನಮ್ಮವರು ಮನೆಗೆ ಹೋಗಿ ಮಲಗಿದರು. ನಡುರಾತ್ರಿ ಕಳೆದ ಮೇಲೆ ಹಸಿರು ಬಣ್ಣದ ವಾಂತಿ ಆಯಿತು. ಹೊಟ್ಟೆ ಉಬ್ಬಿತು, ಮುಟ್ಟಿದರೆ ಗಟ್ಟಿ. ಈಗ ನೋವು ಬಲಗಡೆ ಮೇಲೆ ಇರಲಿಲ್ಲ, ಕೆಳಗೆ, ಆಮೇಲೆ ಎಲ್ಲೆಡೆ. ರಾತ್ರಿ ಪಾಳಿಯ ವೈದ್ಯರು ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಹೋದರು. ಮಗಳು ಮಂಡಿ ಮಡಿಸಿಕೊಂಡು ಅಲುಗಾಡದೆ ಮಲಗಿದ್ದಳು, ಹಾಸಿಗೆಗೆ ನನ್ನ ಮೊಣಕೈ ತಾಗಿದರೂ ಮುಖ ಕಿವುಚುತ್ತಿದ್ದಳು. ನಾಡಿ ನಿಮಿಷಕ್ಕೆ ನೂರ ನಲವತ್ತನ್ನು ದಾಟಿತ್ತು.

ಬಿಗಿದು ಊದಿದ ಪಿತ್ತಕೋಶ ಒಡೆದಾಗ ಒಳಗಿನ ಒತ್ತಡ ಇಳಿಯುತ್ತದೆ, ಅದರಿಂದ ನೋವು ಕೆಲವು ಗಂಟೆ ಕಡಿಮೆಯಾದಂತೆ ಆಗಬಹುದು ಎಂದು ಶಸ್ತ್ರಚಿಕಿತ್ಸಕರು ನಂತರ ವಿವರಿಸಿದರು. ಅಪೆಂಡಿಕ್ಸ್ ಒಡೆದಾಗಲೂ ಹೀಗಾಗುವುದುಂಟು. ಆಮೇಲೆ ಪಿತ್ತರಸ ಹೊಟ್ಟೆಯ ಒಳಪದರವನ್ನು ಸುಡತೊಡಗುತ್ತದೆ. ಜ್ವರವೂ ನಾಡಿಯೂ ಇಳಿಯದೆ ನೋವು ಮಾತ್ರ ಥಟ್ಟನೆ ನಿಂತರೆ ಅದನ್ನು ಗುಣವಾದ ಲಕ್ಷಣ ಎಂದುಕೊಳ್ಳದೆ ವೈದ್ಯರನ್ನು ಕರೆಸಿ ಹೊಟ್ಟೆ ಮುಟ್ಟಿಸಿ. ಈ ಒಂದು ವಿಷಯ ಹೇಳುವುದಕ್ಕಾಗಿಯೇ ಇಷ್ಟು ಬರೆಯಲು ಕುಳಿತೆ ಎಂದರೂ ತಪ್ಪಲ್ಲ.

ಬೆಳಗಾಗುತ್ತಲೇ ನಮ್ಮ ವೈದ್ಯರು ಬಂದರು, ಹೊಟ್ಟೆ ಮುಟ್ಟಿದರು, ಎರಡನೇ ಮಾತಿಲ್ಲದೆ ಹೇಳಿದರು: "ಇವಳನ್ನು ಮಕ್ಕಳ ಸರ್ಜನ್ ನೋಡಬೇಕು, ಈಗಲೇ." ಆಗ ಶುರುವಾಯಿತು ಹಾಸಿಗೆಯ ಹುಡುಕಾಟ. ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಜಾಗ ಇದೆ ಎಂದವರಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕರು ಇರಲಿಲ್ಲ. ಶಸ್ತ್ರಚಿಕಿತ್ಸಕರು ಇದ್ದ ಕಡೆ ಹಾಸಿಗೆ ಇರಲಿಲ್ಲ. ಫೋನ್ ಮಾಡುವಾಗ ಮೂರು ಪ್ರಶ್ನೆ ಕೇಳಿದರೆ ಸಮಯ ಉಳಿಯುತ್ತದೆ: ಮಕ್ಕಳ ಐಸಿಯು ಹಾಸಿಗೆ ಖಾಲಿ ಇದೆಯೇ, ಮಕ್ಕಳ ಸರ್ಜನ್ ಇವತ್ತು ಲಭ್ಯರೇ, ಸಿ.ಟಿ. ಅದೇ ಕಟ್ಟಡದಲ್ಲಿದೆಯೇ. ಸರ್ಕಾರಿ ವ್ಯವಸ್ಥೆ ಬೇಕಾದವರಿಗೆ ನಗರದಲ್ಲಿ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗ ಅಲ್ಲಿದೆ. ನಮಗೆ ಕೊನೆಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು.

108 ಆಂಬುಲೆನ್ಸ್ ಉಚಿತ. ಆದರೆ ನಾವು ಹೋಗಬೇಕಿದ್ದುದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಜೊತೆಗೆ ನರ್ಸ್ ಬೇಕಿತ್ತು, ಹಾಗಾಗಿ ಖಾಸಗಿ ಆಂಬುಲೆನ್ಸ್ ಕರೆಸಿದೆವು. ನಾಲ್ಕು ಸಾವಿರ ಚಿಲ್ಲರೆ ಆಯಿತು. ಬನಶಂಕರಿಯ ಸಿಗ್ನಲ್‌ನಲ್ಲಿ ಮಳೆ, ಮುಂದೆ ನಿಂತ ಬಸ್ಸುಗಳು, ಸೈರನ್ ಕೂಗುತ್ತಲೇ ಇತ್ತು, ಯಾರಿಗೂ ಸರಿಯಲು ಜಾಗವೇ ಇರಲಿಲ್ಲ. ಹೊರಡುವ ಮೊದಲು ನರ್ಸಿಂಗ್ ಹೋಮ್‌ನಿಂದ ನಾನು ಹಟ ಹಿಡಿದು ತೆಗೆದುಕೊಂಡ ಕಾಗದಗಳು ಮುಂದೆ ಬಹಳ ಉಪಯೋಗಕ್ಕೆ ಬಂದವು. ರೆಫರಲ್ ಪತ್ರ, ಕೊಟ್ಟ ಪ್ರತಿಯೊಂದು ಔಷಧದ ಪ್ರಮಾಣ ಮತ್ತು ಗಂಟೆ ಇರುವ ಹಾಳೆಯ ಪ್ರತಿ, ಸ್ಕ್ಯಾನಿಂಗ್ ಚಿತ್ರಗಳು, ಕಲ್ಚರ್ ಕೊಟ್ಟ ಪ್ರಯೋಗಾಲಯದ ಮಾದರಿ ಸಂಖ್ಯೆ. "ಆಮೇಲೆ ವಾಟ್ಸಾಪ್ ಮಾಡುತ್ತೇವೆ" ಎನ್ನುತ್ತಾರೆ. ಒಪ್ಪಬೇಡಿ.

ತುರ್ತು ವಿಭಾಗದಲ್ಲಿ ಮೊದಲು ಮೂಗಿನಿಂದ ಹೊಟ್ಟೆಗೆ ಕೊಳವೆ, ಮೂತ್ರಕ್ಕೆ ಕೊಳವೆ, ಎರಡೂ ಕೈಗೆ ಡ್ರಿಪ್. ಮಗಳು ಕಿರುಚಿದ್ದು ಮೂಗಿನ ಕೊಳವೆಗೆ ಮಾತ್ರ. ಆಮೇಲೆ ಕೂರಿಸಿಕೊಂಡು ಎಕ್ಸ್‌ರೇ. ಟೈಫಾಯ್ಡ್ ಎಂದರೆ ಶಸ್ತ್ರಚಿಕಿತ್ಸಕರ ಮೊದಲ ಭಯ ಸಣ್ಣಕರುಳು ತೂತಾಗುವುದು, ಅದೇ ಹೆಚ್ಚು ಸಾಮಾನ್ಯ. ಕರುಳು ತೂತಾದರೆ ಹೊಟ್ಟೆಯೊಳಗೆ ಗಾಳಿ ಸೋರಿ, ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಕಪ್ಪು ಗೆರೆಯಾಗಿ ಕಾಣಬಹುದು. ಇವಳಲ್ಲಿ ಅದು ಕಾಣಲಿಲ್ಲ. ಹಾಗಾದರೆ ಅಪೆಂಡಿಕ್ಸೇ? ನೋವು ಬಲಗಡೆ ಕೆಳಗೆ ಇಳಿದಿತ್ತಲ್ಲ! ಪಿತ್ತರಸ ದೊಡ್ಡಕರುಳಿನ ಬಲಪಕ್ಕದ ಹಳ್ಳದ ಗುಂಟ ಕೆಳಗಿಳಿದು ಅಪೆಂಡಿಕ್ಸ್ ಇರುವಲ್ಲಿ ನಿಲ್ಲುತ್ತದೆ, ಅದರಿಂದಲೇ ಈ ಮೋಸ. ಮತ್ತೆ ಸ್ಕ್ಯಾನಿಂಗ್ ಮಾಡಿದರು. ಹಿಂದಿನ ವರದಿಯಲ್ಲಿ ಊದಿಕೊಂಡಿದ್ದ ಪಿತ್ತಕೋಶ ಈಗ ಕುಗ್ಗಿತ್ತು, ಹೊಟ್ಟೆಯ ತುಂಬ ನೀರು. ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದ ರೇಡಿಯಾಲಜಿ ವೈದ್ಯೆಗೇ ಮೊದಲು ಅನುಮಾನ ಬಂದದ್ದು. ಹಳೆಯ ಚಿತ್ರ ಕೈಯಲ್ಲಿ ಇಲ್ಲದಿದ್ದರೆ ಅದು ಸಣ್ಣ ಪಿತ್ತಕೋಶ ಎಂದು ದಾಟಿಹೋಗುತ್ತಿತ್ತೋ ಏನೋ.

ಸಿ.ಟಿ. ಮಾಡಬೇಕೆಂದಾಗ ವಿಕಿರಣದ ಬಗ್ಗೆ ಕೇಳಿದೆ. ಮಕ್ಕಳಿಗೆ ಪ್ರಮಾಣ ಇಳಿಸಿ ಮಾಡುತ್ತೇವೆ, ಇವತ್ತು ಅದಕ್ಕಿಂತ ದೊಡ್ಡ ಅಪಾಯ ಎದುರಿಗಿದೆ ಎಂದರು. ಬಣ್ಣದ ಔಷಧ ಕೊಡುವ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ಕ್ರಿಯಾಟಿನಿನ್ ವರದಿ ನೋಡುತ್ತಾರೆ, ಅದಕ್ಕಾಗಿ ಕಾಯಬೇಕಾಯಿತು. ಔಷಧ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾದಂತೆ, ಮೂತ್ರ ಹೋದಂತೆ ಅನಿಸುತ್ತದೆ. ಮಗುವಿಗೆ ಇದನ್ನು ಮೊದಲೇ ಹೇಳಿಡಿ, ಗಾಬರಿಯಾಗುವುದಿಲ್ಲ. ಚಿತ್ರದಲ್ಲಿ ಪಿತ್ತಕೋಶದ ತುದಿಯ ಗೋಡೆ ಒಂದು ಕಡೆ ಕಡಿದುಹೋಗಿತ್ತು. ಆ ತುದಿಗೆ ರಕ್ತ ಪೂರೈಕೆ ಎಲ್ಲಕ್ಕಿಂತ ಕಡಿಮೆ, ಹಾಗಾಗಿ ಹೆಚ್ಚಾಗಿ ಒಡೆಯುವುದೂ ಅಲ್ಲೇ. ಖಚಿತಪಡಿಸಿಕೊಳ್ಳಲು ಸೂಜಿಯಿಂದ ಹೊಟ್ಟೆಯ ನೀರು ತೆಗೆದರು. ಸಿರಿಂಜಿನೊಳಗೆ ಹಸಿರು ಮಿಶ್ರಿತ ಹಳದಿ. ಆ ನೀರಿನಲ್ಲಿ ಬಿಲಿರುಬಿನ್, ಅಂದರೆ ಪಿತ್ತರಸದ ಬಣ್ಣದ ಅಂಶ, ರಕ್ತದಲ್ಲಿ ಇರುವುದಕ್ಕಿಂತ ಬಹಳ ಹೆಚ್ಚಿತ್ತು. ಪಿತ್ತರಸ ಸೋರಿದೆ ಎನ್ನಲು ಇನ್ನೇನು ಬೇಕು? ಸ್ಥಿರವಾಗಿರುವ ಮಕ್ಕಳಿಗೆ ಹೈಡಾ ಸ್ಕ್ಯಾನ್ ಎಂಬ ಅಣುವೈದ್ಯ ಪರೀಕ್ಷೆಯಲ್ಲಿ ಸೋರಿಕೆಯ ಜಾಗ ನೋಡುವುದುಂಟಂತೆ. ನಮಗೆ ಅದಕ್ಕೆ ಪುರುಸೊತ್ತಿರಲಿಲ್ಲ.

ಸರ್ಜನ್ ಒಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ನೀಮೈಯರ್ ಎಂಬವರು 1934ರಲ್ಲಿ ಮಾಡಿದ ಮೂರು ಬಗೆಯ ವಿಂಗಡಣೆಯನ್ನು ಈಗಲೂ ಬಳಸುತ್ತಾರೆ. ಮೊದಲನೆಯದರಲ್ಲಿ ಪಿತ್ತರಸ ಹೊಟ್ಟೆಯೊಳಗೆ ಮುಕ್ತವಾಗಿ ಹರಡುತ್ತದೆ, ಎರಡನೆಯದರಲ್ಲಿ ಪಿತ್ತಕೋಶದ ಸುತ್ತಲೇ ಕೀವು ಗುಂಪಾಗಿ ನಿಲ್ಲುತ್ತದೆ, ಮೂರನೆಯದರಲ್ಲಿ ನಿಧಾನವಾಗಿ ಪಕ್ಕದ ಕರುಳಿಗೆ ದಾರಿ ಮಾಡಿಕೊಳ್ಳುತ್ತದೆ. ಎರಡನೇ ಬಗೆಯಲ್ಲಿ ಕೆಲವೊಮ್ಮೆ ಮೊದಲು ಕೊಳವೆ ಹಾಕಿ ಕೀವು ಬಸಿದು, ಆಪರೇಷನ್ ಮುಂದಕ್ಕೆ ಹಾಕಲು ಸಾಧ್ಯ. ನಮ್ಮದು ಮೊದಲನೆಯದು, ಕಾಯುವ ಹಾಗಿಲ್ಲ. "ಪಿತ್ತಕೋಶವನ್ನು ಹೊಲಿದು ಉಳಿಸಲಾಗದೇ?" ಎಂದು ನಮ್ಮವರು ಕೇಳಿದರು. ಗೋಡೆ ಸತ್ತುಹೋಗಿದ್ದರೆ ಹೊಲಿಗೆ ನಿಲ್ಲುವುದಿಲ್ಲ, ತೆಗೆಯುವುದೇ ಸರಿ ಎಂದರು. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ, ಪಿತ್ತಕೋಶ ಬರೀ ಸಂಗ್ರಹದ ಚೀಲ, ಅದಿಲ್ಲದೆಯೂ ಮಗು ಎಲ್ಲರಂತೆ ಬೆಳೆಯುತ್ತದೆ ಎಂದು ಕೇಳಿದ ಮೇಲೆ ಅವರ ಕೈ ಪೆನ್ನು ಹಿಡಿಯಿತು.

ಸಮ್ಮತಿ ಪತ್ರಗಳು ಹಲವು. ಆಪರೇಷನ್‌ಗೆ ಒಂದು, ಅರಿವಳಿಕೆಗೆ ಒಂದು, ರಕ್ತ ಕೊಡಲು ಒಂದು, ಸಣ್ಣ ರಂಧ್ರದ ಮೂಲಕ ಒಳಗೆ ನೋಡುವ ದರ್ಶಕ ಯಂತ್ರದಿಂದ (ಲ್ಯಾಪರೋಸ್ಕೋಪ್) ಶುರು ಮಾಡಿ ಅಗತ್ಯಬಿದ್ದರೆ ಹೊಟ್ಟೆ ತೆರೆಯುವುದಕ್ಕೆ ಇನ್ನೊಂದು. ಪ್ರತಿಯೊಂದರಲ್ಲೂ ಸಾವಿನ ಸಾಧ್ಯತೆಯ ಸಾಲು ಇರುತ್ತದೆ. ಓದಿ ಸಹಿ ಮಾಡಿ, ಓದುವಾಗ ಒಬ್ಬರೇ ಇರಬೇಡಿ. ಅರಿವಳಿಕೆ ತಜ್ಞರು ಮಗಳನ್ನೇ ಮಾತನಾಡಿಸಿ, "ಯಾವ ಹಲ್ಲು ಅಲ್ಲಾಡುತ್ತಿದೆ ಪುಟ್ಟಿ?" ಎಂದರು. ನಾನು ವಿಚಿತ್ರ ಎಂದುಕೊಂಡೆ. ಉಸಿರಿನ ಕೊಳವೆ ಹಾಕುವಾಗ ಸಡಿಲ ಹಲ್ಲು ಕಳಚಿ ಶ್ವಾಸನಾಳಕ್ಕೆ ಬೀಳಬಾರದಲ್ಲ, ಅದಕ್ಕೆ. ರಕ್ತನಿಧಿಯಲ್ಲಿ ಒಂದು ಯೂನಿಟ್ ಕಾದಿರಿಸಲು ಬದಲಿ ದಾನಿ ಬೇಕೆಂದರು, ನನ್ನ ತಮ್ಮ ಬಂದ. ಆ ರಕ್ತ ಕೊನೆಗೆ ಬೇಕಾಗಲಿಲ್ಲ.

ಆಪರೇಷನ್ ನಡೆದ ಹೊತ್ತಿನ ಬಗ್ಗೆ ಹೇಳಲು ಏನೂ ಇಲ್ಲ. ಕುರ್ಚಿಗಳಿದ್ದವು, ಕುಳಿತಿದ್ದೆವು. ಹೊರಗೆ ಬಂದ ಸರ್ಜನ್ ಮೊಬೈಲ್‌ನಲ್ಲಿ ಚಿತ್ರ ತೋರಿಸಿದರು: ಪಿತ್ತಕೋಶದ ತುದಿ ಕರ್‍ರಗಾಗಿತ್ತು, ನಡುವೆ ಬಟಾಣಿಗಿಂತ ಸಣ್ಣ ತೂತು. ದರ್ಶಕ ಯಂತ್ರದಲ್ಲಿ ಶುರು ಮಾಡಿದರೂ ಎಲ್ಲ ಅಂಟಿಕೊಂಡಿದ್ದರಿಂದ ಪಕ್ಕೆಲುಬಿನ ಕೆಳಗೆ ತೆರೆಯಬೇಕಾಯಿತು. ಅರ್ಧ ಲೀಟರಿಗೂ ಹೆಚ್ಚು ಪಿತ್ತರಸ ಹೀರಿ ತೆಗೆದು, ಬೆಚ್ಚಗಿನ ಸಲೈನ್‌ನಿಂದ ಹೊಟ್ಟೆ ತೊಳೆದು, ಯಕೃತ್ತಿನ ಕೆಳಗೆ ಒಂದು ಡ್ರೈನ್ ಕೊಳವೆ ಬಿಟ್ಟಿದ್ದರು. ಕರುಳನ್ನೂ ಪೂರ್ತಿ ಪರಿಶೀಲಿಸಿದ್ದರು, ಅಲ್ಲಿ ತೂತಿರಲಿಲ್ಲ. ಮರುದಿನವೇ ಹಳೆಯ ಪ್ರಯೋಗಾಲಯದಿಂದ ಕಲ್ಚರ್ ವರದಿ ಬಂತು. ಸಾಲ್ಮೊನೆಲ್ಲಾ ಟೈಫಿ, ಅಂದರೆ ಟೈಫಾಯ್ಡ್‌ನ ರೋಗಾಣು. ಸಿಪ್ರೋಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗದ ತಳಿ, ನಮ್ಮ ದೇಶದಲ್ಲಿ ಈಗ ಇದು ಸಾಮಾನ್ಯ. ಸೆಫ್‌ಟ್ರಿಯಾಕ್ಸೋನ್‌ಗೆ ಬಗ್ಗುತ್ತಿತ್ತು. ಅದನ್ನೇ ಮುಂದುವರಿಸಿ, ಕರುಳಿನ ಬೇರೆ ರೋಗಾಣುಗಳಿಗೆಂದು ಇನ್ನೊಂದು ಔಷಧ ಸೇರಿಸಿದರು.

ಐಸಿಯುನಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ. ಡ್ರೈನ್ ಚೀಲದಲ್ಲಿ ಪ್ರತಿದಿನ ಎಷ್ಟು ಬಂತು, ಯಾವ ಬಣ್ಣ ಎಂದು ನಾನೂ ಬರೆದಿಟ್ಟುಕೊಂಡೆ. ಹಸಿರು ಕಡಿಮೆಯಾಗಿ ತಿಳಿಯಾಗುತ್ತಾ ಬಂದಂತೆ ಸೋರಿಕೆ ನಿಂತಿದೆ ಎಂದು ಅರ್ಥ. ಊಟ ಯಾವಾಗ ಎಂಬುದೇ ಮಗಳ ಒಂದೇ ಪ್ರಶ್ನೆ. ಗಾಳಿ ಹೋಗುವವರೆಗೆ ನೀರೂ ಇಲ್ಲ, ತುಟಿಗೆ ಒದ್ದೆ ಹತ್ತಿ ಅಷ್ಟೇ. ಅವಳಿಗೆ ಗಾಳಿ ಹೋದ ಬೆಳಿಗ್ಗೆ ನರ್ಸ್ ಚಪ್ಪಾಳೆ ತಟ್ಟಿದರು, ಮಗಳು ನಾಚಿ ಹೊದಿಕೆ ಎಳೆದುಕೊಂಡಳು. ಎಳನೀರು, ಗಂಜಿ, ಆಮೇಲೆ ಮೆತ್ತನೆಯ ಅನ್ನ. ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟು ದಿನವಿಡೀ ಎಳೆಸುತ್ತಾರೆ. ನೋವಿಗೆ ಹೆದರಿ ಮಕ್ಕಳು ಆಳವಾಗಿ ಉಸಿರಾಡುವುದಿಲ್ಲ, ಆಗ ಎದೆಯಲ್ಲಿ ಕಫ ಕಟ್ಟುತ್ತದೆ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲು ಹೇಳಿಕೊಟ್ಟರೆ ಸಲೀಸು.

ಇನ್ನು ಹಣದ ಮಾತು. ಇದು ನನ್ನ ಕ್ಷೇತ್ರ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಸೇರುವಾಗ ಒಂದು ಲಕ್ಷ ಮುಂಗಡ ಕಟ್ಟಿದೆವು. ನಮ್ಮವರ ಕಂಪನಿಯ ಗುಂಪು ವಿಮೆ ಐದು ಲಕ್ಷದ್ದು. ನಗದುರಹಿತ ಚಿಕಿತ್ಸೆಗೆ ಅರ್ಜಿ ಹಾಕಿದರೆ ತಿರಸ್ಕೃತವಾಗಿ ಬಂತು. ಕಾರಣ, ವಿಮೆಯಲ್ಲಿ ಮಗಳ ಜನ್ಮದಿನಾಂಕದ ದಿನ ಮತ್ತು ತಿಂಗಳು ಅದಲುಬದಲಾಗಿದ್ದವು, ಆಧಾರ್‌ಗೆ ಹೊಂದುತ್ತಿರಲಿಲ್ಲ. ಕಂಪನಿಯ ಹಾಳೆಯಲ್ಲಿ ಯಾರೋ ತಿಂಗಳನ್ನು ಮೊದಲು ಬರೆದಿದ್ದರು. ಮಗು ಐಸಿಯುನಲ್ಲಿ, ಅಂದು ಭಾನುವಾರ, ಕಚೇರಿಯ ಸಿಬ್ಬಂದಿ ವಿಭಾಗದವರನ್ನು ಫೋನಿನಲ್ಲಿ ಹಿಡಿದು ತಿದ್ದುಪಡಿಯ ಇಮೇಲ್ ಹಾಕಿಸುವಷ್ಟರಲ್ಲಿ ನಮ್ಮವರ ಗಂಟಲು ಒಣಗಿತ್ತು. ಇದನ್ನು ಓದಿದವರು ಇಂದೇ ನಿಮ್ಮ ವಿಮೆಯ ಪತ್ರ ತೆಗೆದು ಮಕ್ಕಳ ಹೆಸರು, ದಿನಾಂಕಗಳನ್ನು ಆಧಾರ್ ಜೊತೆ ಹೋಲಿಸಿ ನೋಡಿ. ವಿಮೆ ಯಾರ ಹೆಸರಿನಲ್ಲಿದೆಯೋ ಅವರ ಪ್ಯಾನ್ ಮತ್ತು ಆಧಾರ್ ಪ್ರತಿಗಳನ್ನೂ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.

ಐಸಿಯುನಿಂದ ಹೊರಬಂದಾಗ ನಮ್ಮ ಮಿತಿಯ ಕೋಣೆ ಖಾಲಿ ಇರಲಿಲ್ಲ. ವಿಮೆಯ ಪ್ರಕಾರ ದಿನಕ್ಕೆ ಐದು ಸಾವಿರ, ಸಿಕ್ಕಿದ ಕೋಣೆ ಎಂಟು ಸಾವಿರದ್ದು. ಬಾಡಿಗೆಯ ವ್ಯತ್ಯಾಸ ಮೂರು ಸಾವಿರ ಕೊಟ್ಟರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ವೈದ್ಯರ ಶುಲ್ಕ, ಆಪರೇಷನ್ ಕೊಠಡಿಯ ಶುಲ್ಕಗಳೂ ಅದೇ ಅನುಪಾತದಲ್ಲಿ ಕಡಿತವಾಗುತ್ತವೆ. ನಮ್ಮ ಬಿಲ್ಲಿನಲ್ಲಿ ಔಷಧ, ಪರೀಕ್ಷೆ, ಐಸಿಯು ಶುಲ್ಕ ಎಲ್ಲವನ್ನೂ ಕತ್ತರಿಸಿ ಒಂದು ಲಕ್ಷ ಚಿಲ್ಲರೆ ನಮ್ಮ ತಲೆಗೆ ಹಾಕಿದ್ದರು. ವಿಮಾ ನಿಯಂತ್ರಣ ಪ್ರಾಧಿಕಾರದ 2020ರ ಸುತ್ತೋಲೆಯ ಪ್ರಕಾರ ಔಷಧ, ಬಳಕೆ ಸಾಮಗ್ರಿ, ತಪಾಸಣೆ ಇವುಗಳಿಗೆ ಈ ಅನುಪಾತದ ಕಡಿತ ಅನ್ವಯಿಸುವುದಿಲ್ಲ, ಐಸಿಯು ಶುಲ್ಕಕ್ಕೂ ಅನ್ವಯಿಸುವುದಿಲ್ಲ. ಅದನ್ನು ಬರೆದು ಇಮೇಲ್ ಹಾಕಿದೆ. ಮೊದಲು "ಸಿಸ್ಟಮ್ ಹೀಗೇ ಲೆಕ್ಕ ಹಾಕುತ್ತದೆ" ಎಂಬ ಉತ್ತರ ಬಂತು. ಎರಡನೇ ಇಮೇಲ್‌ನಲ್ಲಿ ವಿಮಾ ಲೋಕಪಾಲರ ಕಚೇರಿ ಜೆ.ಪಿ. ನಗರದಲ್ಲೇ ಇದೆ, ನನ್ನ ಮನೆಗೆ ಹತ್ತಿರ ಎಂದು ಬರೆದೆ. ಲೆಕ್ಕ ತಿದ್ದಿ ಬಂತು. ಒಟ್ಟು ಬಿಲ್ಲು ನಾಲ್ಕು ಲಕ್ಷದ ಹತ್ತಿರ, ಕೊನೆಗೆ ನಮ್ಮ ಕೈಯಿಂದ ಹೋದದ್ದು ಸುಮಾರು ಎಪ್ಪತ್ತು ಸಾವಿರ. ಅದರಲ್ಲಿ ಕೈಗವಸು, ಮುಖಗವಸು, ಕಡತದ ಶುಲ್ಕ ಮುಂತಾದ, ವಿಮೆ ಕೊಡದ ಬಾಬತ್ತುಗಳೇ ದೊಡ್ಡ ಭಾಗ.

ಇನ್ನೊಂದು. ಆಸ್ಪತ್ರೆಯ ಔಷಧದಂಗಡಿ ವಾರ್ಡಿಗೆ ಕಳಿಸುವ ಸಿರಿಂಜು, ಸಲೈನ್ ಎಲ್ಲವೂ ಬಳಕೆಯಾಗುವುದಿಲ್ಲ. ಡಿಸ್ಚಾರ್ಜ್ ಹಿಂದಿನ ದಿನವೇ ಉಳಿದದ್ದನ್ನು ವಾಪಸು ಮಾಡಿಸಿ. ನಮಗೆ ಆರು ಸಾವಿರಕ್ಕೂ ಹೆಚ್ಚು ಕಡಿಮೆಯಾಯಿತು.

ಐಸಿಯು ಹೊರಗೆ ನನ್ನ ಜೊತೆ ಕಾಯುತ್ತಿದ್ದ ಮಾಗಡಿ ಕಡೆಯ ತಾಯಿಯೊಬ್ಬರ ಮಗನ ಚಿಕಿತ್ಸೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನಡೆಯುತ್ತಿತ್ತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಸ್ಥಿತಿಗೆ ಬೇಡ. ಆದರೆ ಆ ಆಸ್ಪತ್ರೆ ಯೋಜನೆಗೆ ಸೇರಿದೆಯೇ ಎಂದು ಸೇರುವ ಮೊದಲೇ ಕೇಳಿಕೊಳ್ಳಬೇಕು. "ಅಕ್ಕಾ, ನಮ್ಮೂರಿನ ಆಶಾ ಹೇಳದಿದ್ದರೆ ನಾನು ತಾಳಿ ಅಡ ಇಡುತ್ತಿದ್ದೆ" ಎಂದರು ಆಕೆ.

ಡಿಸ್ಚಾರ್ಜ್ ದಿನದ ಕಾಯುವಿಕೆಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಿಮಾ ಕಂಪನಿ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಆದರೆ ಆ ಗಡಿಯಾರ ಶುರುವಾಗುವುದು ಆಸ್ಪತ್ರೆ ಬಿಲ್ಲು ಕಳಿಸಿದ ಮೇಲೆ. ಬೆಳಿಗ್ಗೆ ಸುತ್ತಿನಲ್ಲಿ ವೈದ್ಯರು ಹೋಗಬಹುದು ಎಂದರೆ ಬಿಲ್ಲು ಹೊರಟದ್ದು ಮಧ್ಯಾಹ್ನ ಮೂರಕ್ಕೆ. ಮನೆ ಸೇರಿದಾಗ ರಾತ್ರಿ. ಡಿಸ್ಚಾರ್ಜ್ ಸಾರಾಂಶವನ್ನು ಅಲ್ಲೇ ನಿಂತು ಓದಿ. ನಮ್ಮದರಲ್ಲಿ ಬಲಗಡೆಯ ಬದಲು ಎಡಗಡೆ ಎಂದು ಮುದ್ರಿತವಾಗಿತ್ತು, ತಿದ್ದಿಸಿಕೊಂಡು ಬಂದೆವು.

ಮನೆಯಲ್ಲಿ ಕೆಲವು ವಾರ ಎಣ್ಣೆ, ತುಪ್ಪ ಕಡಿಮೆ. ಕರಿದದ್ದು ತಿಂದರೆ ಭೇದಿಯಾಗುತ್ತಿತ್ತು, ಬರಬರುತ್ತಾ ಸರಿಹೋಯಿತು. ನಮ್ಮತ್ತೆಗೆ, "ತುಪ್ಪ ಇಲ್ಲದೆ ಮಗುವಿಗೆ ಶಕ್ತಿ ಹೇಗೆ ಬರುತ್ತದೆ?" ಎಂಬುದೇ ಚಿಂತೆ. ಶಾಲೆಗೆ ಹೋಗಲು ಅನುಮತಿ ಬೇಗ ಸಿಕ್ಕಿತು, ಆಟದ ಪಿರಿಯಡ್‌ಗೂ ಭಾರದ ಚೀಲಕ್ಕೂ ತಡವಾಗಿ. ಹೊಟ್ಟೆಯ ಗಾಯ ಒಳಗಿನಿಂದ ಕೂಡಲು ವಾರಗಳೇ ಬೇಕು. ತೆಗೆದ ಪಿತ್ತಕೋಶದ ಬಯಾಪ್ಸಿ ವರದಿಯನ್ನು ಯಾರೂ ಕರೆದು ಕೊಡುವುದಿಲ್ಲ, ನೀವೇ ಕೇಳಿ ಪಡೆಯಬೇಕು. ನಮ್ಮದರಲ್ಲಿ ಉರಿಯೂತ ಮತ್ತು ಗೋಡೆ ಕೊಳೆತದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಎಲ್ಲಿಂದ ಬಂತು ಎಂಬುದು ಮಾತ್ರ ಬಗೆಹರಿಯಲಿಲ್ಲ. ಕಟ್ಟಡದ ಸಂಪಿಗೆ ಕಾವೇರಿ ನೀರೂ ಟ್ಯಾಂಕರ್ ನೀರೂ ಎರಡೂ ಬೀಳುತ್ತವೆ. ಮಾಲೀಕರ ಬೆನ್ನು ಹತ್ತಿ ಸಂಪು ತೊಳೆಸಿದೆವು, ಕುಡಿಯಲು ಕುದಿಸಿದ ನೀರು. ಟೈಫಾಯ್ಡ್ ವಾಸಿಯಾದ ಮೇಲೂ ಕೆಲವರ ಮಲದಲ್ಲಿ ರೋಗಾಣು ಹೊರಬೀಳುತ್ತಿರುತ್ತದೆ. ಅದಕ್ಕೆ ಮಗಳದ್ದೂ, ಮನೆಗೆ ಅಡುಗೆ ಮಾಡುವ ನನ್ನದೂ ಅತ್ತೆಯದೂ ಮಲ ಪರೀಕ್ಷೆ ಮಾಡಿಸಲು ಹೇಳಿದರು. ಅತ್ತೆ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಡಬ್ಬಿ ಕೊಟ್ಟರು. ಮೂವರದ್ದೂ ನೆಗೆಟಿವ್. ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳು ತುಂಬಿದ ಮಕ್ಕಳಿಗೂ ಕೊಡಬಹುದು. ನಮ್ಮ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಇವಳಿಗೆ ಯಾರೂ ಹೇಳಿರಲಿಲ್ಲ, ಮಕ್ಕಳ ವೈದ್ಯರ ಬಳಿ ದುಡ್ಡು ಕೊಟ್ಟು ಹಾಕಿಸಬೇಕು. ಮೂರು ವರ್ಷದ ಚಿಕ್ಕವನಿಗೆ ಕೂಡಲೇ ಹಾಕಿಸಿದೆವು. ಇವಳಿಗೆ ಪೂರ್ತಿ ಚೇತರಿಸಿಕೊಂಡ ಮೇಲೆ ಎಂದಿದ್ದಾರೆ.

ನಮ್ಮ ಪಾಲಿಸಿಯಲ್ಲಿ ಆಸ್ಪತ್ರೆ ಸೇರುವ ಹಿಂದಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನಗಳ ಖರ್ಚನ್ನೂ ಕೇಳಬಹುದು. ಮೊದಲ ಕಲ್ಚರ್, ಮೊದಲ ಸ್ಕ್ಯಾನಿಂಗ್, ಆಂಬುಲೆನ್ಸ್ ರಸೀದಿ, ಡ್ರೆಸ್ಸಿಂಗ್ ಬಿಲ್ಲು ಎಲ್ಲವನ್ನೂ ವೈದ್ಯರ ಚೀಟಿಯ ಜೊತೆ ಜೋಡಿಸಿ ಪಿನ್ ಮಾಡಿದ್ದೇನೆ. ನರ್ಸಿಂಗ್ ಹೋಮ್‌ನ ಒಂದು ರಸೀದಿಯಲ್ಲಿ ಮೊಹರು ಇಲ್ಲ. ಶನಿವಾರ ಹೋಗಿ ಹಾಕಿಸಿಕೊಂಡು ಬಂದ ಮೇಲೆ ಅರ್ಜಿ ಕಳಿಸುತ್ತೇನೆ.